ಪೆಟ್ಟಿಗೆಯೊಳಗಿನ ಅಟ್ಟ

ಬೆಂಗಳೂರಿನ ಕಂಪ್ಯೂಟರ್ ಚರಿತ್ರೆಯ ಎರಡು ತುದಿಗಳ ನಡುವೆ ಹೊಸೂರು ರಸ್ತೆಯ ಸಿಂಗಸಂದ್ರ ಇದೆ. ಹೊಸೂರಿನ ಕಡೆಗೆ ಕೆಲವೇ ಕಿಲೋಮೀಟರ್ ಹೋದರೆ, 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಕಟ್ಟಲು ಹೊರಟ ಎಲೆಕ್ಟ್ರಾನಿಕ್ ಸಿಟಿ. ಪೇಟೆಯ ಕಡೆಗೆ ಹೋದರೆ ಟೌನ್‌ಹಾಲ್ ಹಿಂದಿನ ಎಸ್.ಪಿ. ರೋಡು. ಅಲ್ಲಿ ಕಚೇರಿಗಳು, ಇಲ್ಲಿ ಬಿಡಿಭಾಗದ ಅಂಗಡಿಗಳು. ಕಚೇರಿಯಲ್ಲಿ ನಾಲ್ಕೈದು ವರ್ಷ ದುಡಿದ ವರ್ಕ್‌ಸ್ಟೇಷನ್ ಹರಾಜಿನಲ್ಲಿ ಕೈಬದಲಾಗಿ, ಒರೆಸಿಕೊಂಡು, ರಿಫರ್ಬಿಷ್ಡ್ ಎಂಬ ಚೀಟಿ ಹೊತ್ತು ಹೊಸ ಮನೆ ಸೇರುತ್ತದೆ. ಪ್ರೊಸೆಸರ್ ಗಟ್ಟಿ, ಮೆಮೊರಿ ಧಾರಾಳ, ಬೆಲೆ ಕಡಿಮೆ. ಇನ್ನೆರಡು ಹಾರ್ಡ್‌ಡಿಸ್ಕ್ ಸೇರಿಸಬೇಕೆಂದು ಪಕ್ಕದ ಬಾಗಿಲು ತೆಗೆದಾಗ ಮಾತ್ರ ಒಂದೇ ಉತ್ತರ: ಜಾಗ ಇಲ್ಲ. ಈ ‘ಜಾಗ ಇಲ್ಲ’ ಎಂಬ ಮಾತಿಗೆ ಎಪ್ಪತ್ತು ವರ್ಷಗಳ ಇತಿಹಾಸವಿದೆ. ಅದನ್ನು ಹಿಂದಿನಿಂದ ಓದಿಕೊಂಡು ಬಂದರೆ ಕೊರತೆ ಅಂಗುಲದ್ದಾಗಿದ್ದದ್ದು ಕಡಿಮೆ. ಹೆಚ್ಚಿನ ಸಲ ಯಾರೋ ಮೊದಲೇ ಮಾಡಿಟ್ಟ ತೀರ್ಮಾನವೇ ಕೊರತೆಯ ವೇಷ ತೊಟ್ಟಿತ್ತು ಎಂಬುದು ನನ್ನ ವಾದ.

ಮೊದಲಿಗೆ ಡಿಸ್ಕ್ ಕಂಪ್ಯೂಟರಿನ ಒಳಗೆ ಇರಲೇ ಇಲ್ಲ. 1956ರಲ್ಲಿ ಐಬಿಎಂ ತಂದ ರಾಮ್ಯಾಕ್ ವ್ಯವಸ್ಥೆಯ ಡಿಸ್ಕ್ ಘಟಕದಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಅದು ಸ್ವತಂತ್ರ ಬೀರು. ಧಾನ್ಯವನ್ನು ಹಗೇವಿನಲ್ಲಿಟ್ಟು ಬೇಕಾದಷ್ಟನ್ನೇ ಮನೆಯೊಳಕ್ಕೆ ತರುತ್ತಿದ್ದ ರೈತರ ಹಾಗೆ, ಗಣಕವೂ ತನ್ನ ಸಂಗ್ರಹವನ್ನು ಹೊರಗಿಟ್ಟುಕೊಂಡೇ ಬೆಳೆಯಿತು. 1981ರ ಐಬಿಎಂ ಪಿಸಿಯ ಕತೆ ಇಲ್ಲಿ ಬಹಳ ಮುಖ್ಯ. ಅದರಲ್ಲಿ ಐದೂಕಾಲು ಅಂಗುಲದ, ಪೂರ್ಣ ಎತ್ತರದ ಎರಡು ಬೇಗಳಿದ್ದವು. ಹಿಂದಿನ ವರ್ಷವಷ್ಟೇ ಸೀಗೇಟ್ ತಂದಿದ್ದ 5 ಎಂಬಿ ಹಾರ್ಡ್‌ಡಿಸ್ಕಿನ ಅಳತೆಯೂ ಅದೇ. ಜಾಗ ಸರಿಯಾಗಿ ಕೂಡುತ್ತಿತ್ತು; ಕೂಡದಿದ್ದದ್ದು ವಿದ್ಯುತ್ತು. ಆ ಪೆಟ್ಟಿಗೆಯ ಎಸ್‌ಎಂಪಿಎಸ್ ಕೊಡುತ್ತಿದ್ದದ್ದು 63.5 ವಾಟ್. 1983ರಲ್ಲಿ ಎಕ್ಸ್‌ಟಿ ಮಾದರಿ 10 ಎಂಬಿ ಹಾರ್ಡ್‌ಡಿಸ್ಕನ್ನು ಒಡಲಲ್ಲೇ ಇಟ್ಟುಕೊಂಡು ಬಂದಾಗ ಎಸ್‌ಎಂಪಿಎಸ್ 130 ವಾಟ್‌ಗೆ ಏರಿತ್ತು. ಹಳೆಯ ಪಿಸಿಯವರಿಗೆ ಐಬಿಎಂ ತೋರಿಸಿದ ದಾರಿ ಪಕ್ಕದಲ್ಲಿ ಇಡುವ ಇನ್ನೊಂದು ವಿಸ್ತರಣಾ ಪೆಟ್ಟಿಗೆ. 30×40 ಸೈಟಿನ ಮನೆಗೆ ಮತ್ತೊಂದು ಮಹಡಿ ಏರಿಸಲು ಹೊರಟವರಿಗೆ ಇದು ತಟ್ಟನೆ ಅರ್ಥವಾದೀತು: ಆಕಾಶ ಖಾಲಿ ಇದ್ದರೆ ಸಾಲದು, ಪಾಯ ಎಷ್ಟು ತಡೆಯುತ್ತದೆ, ಬೆಸ್ಕಾಂ ಎಷ್ಟು ಲೋಡ್ ಮಂಜೂರು ಮಾಡಿದೆ ಎಂಬುದೇ ಮೊದಲ ಲೆಕ್ಕ.

ಒಳಗೆ ನಿಜಕ್ಕೂ ಬೇ ಖಾಲಿ ಇಲ್ಲದವರೂ ಇದ್ದರು. ಅವರಿಗಾಗಿ 1985ರಲ್ಲಿ ಪ್ಲಸ್ ಡೆವಲಪ್‌ಮೆಂಟ್ ಎಂಬ ಕಂಪನಿ ‘ಹಾರ್ಡ್‌ಕಾರ್ಡ್’ ಮಾಡಿತು: 10 ಎಂಬಿ ಡಿಸ್ಕನ್ನು ವಿಸ್ತರಣಾ ಕಾರ್ಡಿನ ಮೇಲೆಯೇ ಕೂರಿಸಿ, ಮದರ್‌ಬೋರ್ಡಿನ ಸ್ಲಾಟಿಗೆ ಸಿಕ್ಕಿಸುವ ಉಪಾಯ. ಈ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ವಸ್ತು ಅದು. ಡಿಸ್ಕಿಗೆಂದು ಯಾರೂ ಗುರುತಿಸಿರದ ಜಾಗದಲ್ಲಿ ಡಿಸ್ಕ್ ಇಡಬಹುದೆಂದು ತೋರಿಸಿಕೊಟ್ಟದ್ದು ಅದೇ, ಇಂದಿನ ಎಂ.2 ಕಾರ್ಡುಗಳು ಅದೇ ಯೋಚನೆಯ ಮೊಮ್ಮಕ್ಕಳು. ವರ್ಕ್‌ಸ್ಟೇಷನ್ ಜಗತ್ತು ಬೇರೆ ದಾರಿ ಹಿಡಿಯಿತು. 1989ರ ಸನ್ ಸ್ಪಾರ್ಕ್‌ಸ್ಟೇಷನ್ 1 ಪಿಜ್ಜಾ ಡಬ್ಬಿಯಷ್ಟು ಚಪ್ಪಟೆ. ಒಳಗೆ ಹಿಡಿಸುತ್ತಿದ್ದದ್ದು ಮೂರೂವರೆ ಅಂಗುಲದ ಎರಡೇ ಡಿಸ್ಕ್. ಆದರೂ ಜಾಗ ಸಾಲದು ಎಂಬ ಸ್ಥಿತಿ ಬರುತ್ತಿರಲಿಲ್ಲ. ಬೆನ್ನಿನಲ್ಲಿದ್ದ ಸ್ಕಸಿ ಕೊಂಡಿಗೆ ಪುಟ್ಟ ಡಬ್ಬಿಗಳನ್ನು ಸರಪಳಿಯಂತೆ ಪೋಣಿಸಿಕೊಂಡು ಹೋಗಬಹುದಿತ್ತು. ಒಳಗಿನವೂ ಸೇರಿ ಏಳು ಸಾಧನಗಳವರೆಗೆ. ಪೆಟ್ಟಿಗೆ ಕಿರಿದು, ಬಾಗಿಲು ಮಾತ್ರ ತೆರೆದೇ ಇತ್ತು. ಕಿರಿದಾಗಿರುವುದಕ್ಕೂ ಮುಚ್ಚಿರುವುದಕ್ಕೂ ಇರುವ ಈ ಅಂತರವೇ ಮುಂದಿನ ಮಾತಿಗೆಲ್ಲ ಬುನಾದಿ.

ಬೆಂಗಳೂರಿನಲ್ಲಿ 1990ರ ದಶಕ ಅಸೆಂಬಲ್ಡ್ ಯಂತ್ರಗಳ ಕಾಲ. ಎತ್ತರದ ಕ್ಯಾಬಿನೆಟ್, ಸಾಲು ಸಾಲು ಬೇ, ಒಂದೊಂದು ಐಡಿಇ ಕೇಬಲ್ಲಿಗೆ ಎರಡೆರಡು ಡಿಸ್ಕ್, ಮಾಸ್ಟರ್ ಯಾವುದು ಸ್ಲೇವ್ ಯಾವುದು ಎಂದು ಹೇಳುವ ಚಿಟಿಕೆಯಷ್ಟು ಜಂಪರ್. ಆಗಿನ ಮಿತಿ ಕಬ್ಬಿಣದ್ದಲ್ಲ, ಬಯೋಸ್‌ನದು: 1024 ಸಿಲಿಂಡರ್, 16 ಹೆಡ್, 63 ಸೆಕ್ಟರ್ ಎಂಬ ಲೆಕ್ಕದಾಚೆ, ಅಂದರೆ 528 ಎಂಬಿಯಾಚೆ, ಯಂತ್ರಕ್ಕೆ ಕಣ್ಣು ಕಾಣುತ್ತಿರಲಿಲ್ಲ. ಅತ್ತ ಎಲೆಕ್ಟ್ರಾನಿಕ್ ಸಿಟಿಯೊಳಗಿನ ಬ್ರ್ಯಾಂಡೆಡ್ ಯಂತ್ರಗಳಿಗೆ ಬೇರೆಯದೇ ಬೇಲಿ. 1991ರಲ್ಲಿ ಶುರುವಾದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಯೋಜನೆಯಡಿ ಸುಂಕವಿಲ್ಲದೆ ತರಿಸಿದ ಯಂತ್ರಗಳು ಕಸ್ಟಮ್ಸ್ ಬಾಂಡಿನೊಳಗೆ ಇದ್ದವು. ಡಿಬಾಂಡ್ ಮಾಡಿಸದೆ ಅವನ್ನು ಹೊರಗೆ ಮಾರುವಂತಿರಲಿಲ್ಲ. ಭಾರತ 1997ರಲ್ಲಿ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿ, 2005ರ ಹೊತ್ತಿಗೆ ಕಂಪ್ಯೂಟರುಗಳ ಆಮದು ಸುಂಕ ಸೊನ್ನೆಗಿಳಿದ ಮೇಲೆ ಆ ಬೇಲಿ ಹಗುರವಾಯಿತು. ಕಚೇರಿಯ ಯಂತ್ರ ಮನೆಗೆ ಬರುವ ಹಾದಿ ತೆರೆದುಕೊಂಡಿತು. ಅದರ ಜೊತೆಗೆ, ಕಚೇರಿಗೆಂದು ತೀರ್ಮಾನಿಸಿದ ಒಳವಿನ್ಯಾಸವೂ ಬಂತು.

ಆ ಒಳವಿನ್ಯಾಸವನ್ನು ಅಳೆದು ನೋಡೋಣ. ಮೂರೂವರೆ ಅಂಗುಲದ ಡಿಸ್ಕಿನ ಅಗಲ 101.6 ಮಿಲಿಮೀಟರ್, ದಪ್ಪ 26.1. ಐದೂಕಾಲು ಅಂಗುಲದ ಬೇ 146 ಮಿಲಿಮೀಟರ್ ಅಗಲ, 41.3 ಎತ್ತರ. ಅಂಥ ಮೂರು ಬೇಗಳನ್ನು ಒಟ್ಟು ಮಾಡಿದರೆ ಎತ್ತರ ಸುಮಾರು 124. ಮೂರು ಡಿಸ್ಕನ್ನು ಮಲಗಿಸಿಡುವ ಆ ಜಾಗದಲ್ಲಿ ಡಿಸ್ಕುಗಳನ್ನು ಪುಸ್ತಕದಂತೆ ನಿಲ್ಲಿಸಿದರೆ ಐದು ಕೂರುತ್ತವೆ. ಹೀಗೆ ನಿಲ್ಲಿಸುವ ಗೂಡುಗಳು ಮಾರುಕಟ್ಟೆಯಲ್ಲಿ ಎಷ್ಟೋ ಕಾಲದಿಂದ ಇವೆ. ಸಾಟಾ ಪೋರ್ಟ್ ಸಾಲದಿದ್ದರೆ, ಸರ್ವರಿನಿಂದ ಬಿಚ್ಚಿದ ಎಚ್‌ಬಿಎ ಕಾರ್ಡೊಂದು ಎಂಟು ಡಿಸ್ಕಿಗೆ ದಾರಿ ಕೊಡುತ್ತದೆ. ಹಾಗಾದರೆ ಸಿಕ್ಕಿಕೊಳ್ಳುವುದೆಲ್ಲಿ? ಮತ್ತೆ 1981ರ ಜಾಗದಲ್ಲೇ. ಎಷ್ಟೋ ಬ್ರ್ಯಾಂಡೆಡ್ ಯಂತ್ರಗಳ ಎಸ್‌ಎಂಪಿಎಸ್‌ನಿಂದ ಡಿಸ್ಕಿಗೆ ತಂತಿಯೇ ಬರುವುದಿಲ್ಲ. ಮದರ್‌ಬೋರ್ಡಿನ ಮೇಲಿನ, ಆ ಕಂಪನಿಗೆ ಮಾತ್ರ ಸೇರಿದ ಆಕಾರದ ಸಣ್ಣ ಸಾಕೆಟ್ಟಿನಿಂದ ಎರಡು ಡಿಸ್ಕಿಗಾಗುವಷ್ಟು ಕರೆಂಟು ಬರುತ್ತದೆ. ಎಸ್‌ಎಂಪಿಎಸ್ ಬದಲಿಸೋಣವೆಂದರೆ 1995ರಿಂದ ಎಲ್ಲೆಡೆ ನಡೆದುಬಂದ ಎಟಿಎಕ್ಸ್ ಅಳತೆಯದ್ದು ಅದಕ್ಕೆ ಹೊಂದುವುದಿಲ್ಲ.

ತಯಾರಕರ ಪರವಾಗಿ ಹೇಳಬಹುದಾದ ಮಾತುಗಳಿವೆ, ಅವು ಹಗುರವಲ್ಲ. ಮೊದಲನೆಯದು ಸುರಕ್ಷತೆ. ಮೂರೂವರೆ ಅಂಗುಲದ ಡಿಸ್ಕ್ ತಿರುಗಲು ಶುರುಮಾಡುವ ಗಳಿಗೆಯಲ್ಲಿ 12 ವೋಲ್ಟ್ ತಂತಿಯಿಂದ ಸುಮಾರು 2 ಆಂಪಿಯರ್ ಎಳೆಯುತ್ತದೆ. ಸಾಟಾ ಪವರ್ ಪ್ಲಗ್ಗಿನಲ್ಲಿ 12 ವೋಲ್ಟಿಗಿರುವುದು ಮೂರು ಪಿನ್, ಪಿನ್ನಿಗೆ ಒಂದೂವರೆ ಆಂಪಿಯರ್, ಒಟ್ಟು ನಾಲ್ಕೂವರೆ. ಒಂದು ಪ್ಲಗ್ಗಿಗೆ ಅಗ್ಗದ ಸ್ಪ್ಲಿಟರ್ ಹಾಕಿ ನಾಲ್ಕು ಡಿಸ್ಕ್ ತೂಗುಹಾಕಿದರೆ ಎಂಟು ಆಂಪಿಯರ್ ಬೇಡಿದಂತಾಯಿತು. ಪ್ಲಗ್ ಕರಗಬಹುದು, ಬೆಂಕಿಯೂ ಹತ್ತಬಹುದು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ; ಹಾಗೆ ಯಾರೂ ಮಾಡಕೂಡದು. ಆದರೆ ಜನ ಸ್ಪ್ಲಿಟರಿಗೆ ಕೈಹಾಕುವುದು ಸರಿಯಾದ ತಂತಿ ಒಳಗೆ ಇಲ್ಲದ್ದರಿಂದ. ಅಪಾಯ ಹುಟ್ಟಿದ್ದೇ ಬಾಗಿಲು ಮುಚ್ಚಿದ್ದರಿಂದ. ಅದನ್ನೇ ಮುಚ್ಚಲು ಕಾರಣವೆಂದು ತೋರಿಸುವುದು ನ್ಯಾಯವಲ್ಲ. ಎರಡನೆಯದು ಶಾಖ. ಒತ್ತೊತ್ತಾಗಿ ಇಟ್ಟ ಡಿಸ್ಕುಗಳು ಬಿಸಿಯಾಗುತ್ತವೆ, ಒಂದರ ಅದುರು ಇನ್ನೊಂದನ್ನು ತಟ್ಟುತ್ತದೆ, ನಿಜ. ಗೂಗಲ್ ಸಂಸ್ಥೆಯ ಮೂವರು ಎಂಜಿನಿಯರುಗಳು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಮಾತ್ರ, ಶಾಖಕ್ಕೂ ಡಿಸ್ಕ್ ಸಾಯುವುದಕ್ಕೂ ಇರುವ ನಂಟು ನಂಬಿಕೊಂಡು ಬಂದಷ್ಟು ಬಿಗಿಯಲ್ಲ, ಬಹಳ ಹೆಚ್ಚಿನ ತಾಪದಲ್ಲಷ್ಟೇ ಅದು ಎದ್ದು ಕಾಣುತ್ತದೆ ಎಂದಿತು. ಗೂಡಿನ ಮುಂದೊಂದು ಫ್ಯಾನ್ ಇದ್ದರೆ ಬೆಂಗಳೂರಿನ ಹವೆಯಲ್ಲಿ ಆ ಮಟ್ಟ ಮುಟ್ಟದಂತೆ ನೋಡಿಕೊಳ್ಳುವುದು ಕಷ್ಟವಲ್ಲ.

ಮೂರನೆಯ ಆಕ್ಷೇಪವೇ ಗಟ್ಟಿಯದು: ಇಪ್ಪತ್ತು ಟಿಬಿಯ ಒಂದೇ ಡಿಸ್ಕ್ ಸಿಗುವ ಕಾಲದಲ್ಲಿ ನಾಲ್ಕೇಕೆ? ಹೊರಗಿನ ಯುಎಸ್‌ಬಿ ಡಬ್ಬಿ, ಕ್ಲೌಡ್ ಇಲ್ಲವೇ? ಕನ್ನಡದ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡುವವರ ಲೆಕ್ಕ ಹಾಕಿ ನೋಡಿ. ಎ4 ಅಳತೆಯ ಬಣ್ಣದ ಪುಟವೊಂದು 300 ಡಿಪಿಐನಲ್ಲಿ, ಕುಗ್ಗಿಸದೆ ಇಟ್ಟರೆ, ಸುಮಾರು 26 ಎಂಬಿ. 200 ಪುಟದ ಪುಸ್ತಕಕ್ಕೆ 5 ಜಿಬಿ ದಾಟುತ್ತದೆ. ಸಾವಿರ ಪುಸ್ತಕಕ್ಕೆ 5 ಟಿಬಿ. ಇಷ್ಟನ್ನು ಕ್ಲೌಡಿನಲ್ಲಿಟ್ಟರೆ ತಿಂಗಳು ತಿಂಗಳು ಬಾಡಿಗೆ. ಒಂದೇ ದೊಡ್ಡ ಡಿಸ್ಕಿನಲ್ಲಿಟ್ಟರೆ ಅದು ಸತ್ತ ದಿನ ಎಲ್ಲವೂ ಹೋಯಿತು. ಅಗ್ಗದ ಸಣ್ಣ ಡಿಸ್ಕುಗಳನ್ನು ಒಟ್ಟುಗೂಡಿಸಿದರೆ ಒಂದು ಕೆಟ್ಟರೂ ಉಳಿದವು ಮಾಹಿತಿಯನ್ನು ಕಾಯುತ್ತವೆ ಎಂದು ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು 1988ರಲ್ಲಿ ರೇಡ್ ಪ್ರಬಂಧದಲ್ಲಿ ತೋರಿಸಿದ್ದು ಈ ಕಾರಣಕ್ಕೇ. ಅದು ಬ್ಯಾಕಪ್ಪಿಗೆ ಬದಲಿಯಲ್ಲ. ಇನ್ನೊಂದು ಪ್ರತಿ ಬೇರೆ ಕಡೆ ಇರಲೇಬೇಕು, ಅದಕ್ಕೆ ಹೊರಗಿನ ಡಬ್ಬಿ ಸರಿ. ದಿನದಿನದ ಕೆಲಸಕ್ಕೆ ಮಾತ್ರ ಒಳಗಿನ ಅಟ್ಟವೇ ಬೇಕು.

ಕಾನೂನು ಈ ದಿಕ್ಕಿಗೆ ನಿಧಾನವಾಗಿ ತಿರುಗುತ್ತಿದೆ. ಐರೋಪ್ಯ ಒಕ್ಕೂಟ 2019ರಲ್ಲಿ ಮಾಡಿದ ನಿಯಮ, ಡಿಸ್ಕ್, ಮೆಮೊರಿ, ಎಸ್‌ಎಂಪಿಎಸ್‌ಗಳನ್ನು ದುರಸ್ತಿಗೆ, ಮರುಬಳಕೆಗೆ ಬಿಚ್ಚಲು ಬರುವಂತಿರಬೇಕೆಂದು 2020ರ ಮಾರ್ಚ್‌ನಿಂದ ಸರ್ವರುಗಳಿಗೆ ವಿಧಿಸಿತು. ಮೇಜಿನ ಯಂತ್ರಗಳು ಅದರ ವ್ಯಾಪ್ತಿಯಲ್ಲಿಲ್ಲ. ಭಾರತ ಸರ್ಕಾರ 2022ರ ಡಿಸೆಂಬರ್‌ನಲ್ಲಿ ದುರಸ್ತಿಯ ಹಕ್ಕಿನ ಪೋರ್ಟಲ್ ತೆರೆಯಿತು. ಅದೇ ವರ್ಷದ ಇ-ತ್ಯಾಜ್ಯ ನಿಯಮಗಳು, 2023ರ ಏಪ್ರಿಲ್‌ನಿಂದ ಜಾರಿಯಾಗಿ, ಹಳೆಯ ಯಂತ್ರಗಳನ್ನು ಸರಿಪಡಿಸಿ ಮಾರುವವರನ್ನೂ ನೋಂದಣಿಯ ಚೌಕಟ್ಟಿಗೆ ತಂದವು. ಎಲೆಕ್ಟ್ರಾನಿಕ್ ಸಿಟಿಯಿಂದ ಹೊರಬೀಳುವ ಯಂತ್ರ ಸಿಂಗಸಂದ್ರದ ಒಂದು ಕೋಣೆಯಲ್ಲಿ ಇನ್ನೂ ಐದಾರು ವರ್ಷ ಬಾಳಬೇಕಾದರೆ ಈ ನಿಯಮಗಳಿಗೆ ಇನ್ನೊಂದು ಸಾಲು ಸೇರಬೇಕು: ಇಲ್ಲಿ ಮಾರುವ ಪ್ರತಿ ವರ್ಕ್‌ಸ್ಟೇಷನ್ನಿನ ಎಸ್‌ಎಂಪಿಎಸ್‌ನಿಂದ ಕನಿಷ್ಠ ನಾಲ್ಕು ಡಿಸ್ಕಿಗೆ, ಎಲ್ಲರಿಗೂ ಸಿಗುವ ಸಾಮಾನ್ಯ ಪ್ಲಗ್ಗಿನ ತಂತಿ ಬರಲಿ.