ಅಂಚೆ ಪಾರ್ಸೆಲ್ ನಷ್ಟಪರಿಹಾರ

ಅಂಚೆಯಲ್ಲಿ ಕಳುಹಿಸಿದ ಪಾರ್ಸೆಲ್ ದಾರಿಯಲ್ಲಿ ಕಳೆದುಹೋದಾಗ ಅಥವಾ ಅದರೊಳಗಿನ ವಸ್ತು ಕಾಣೆಯಾದಾಗ ಅಂಚೆ ಇಲಾಖೆ ನಿಯಮಾನುಸಾರ ಕೊಡುವ ಹಣವೇ ನಷ್ಟಪರಿಹಾರ. ರೇಷ್ಮೆ ಸೀರೆ, ಅಗರಬತ್ತಿ, ಗಂಧದ ಕೆತ್ತನೆಗಳನ್ನು ನಾಡಿನಾಚೆಗೂ ಕಳುಹಿಸುವ ಮೈಸೂರು ನಗರದಲ್ಲಿ ಇದು ವ್ಯಾಪಾರಿಗಳಿಗೂ ಮನೆಮಂದಿಗೂ ಸಂಬಂಧಿಸಿದ ವಿಷಯವಾಗಿದೆ.

ಚಿಕ್ಕದೇವರಾಜ ಒಡೆಯರು 1672ರಲ್ಲಿ ಸ್ಥಾಪಿಸಿದ ಮೈಸೂರು ಅಂಚೆಯು 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಡನೆ ವಿಲೀನವಾಯಿತು. ಅನಂತರ ಬಂದ 1898ರ ಭಾರತೀಯ ಅಂಚೆ ಕಚೇರಿ ಕಾಯ್ದೆಯ 6ನೇ ಕಲಮಿನ ಪ್ರಕಾರ, ಸರ್ಕಾರ ಸ್ಪಷ್ಟ ಮಾತುಗಳಲ್ಲಿ ಒಪ್ಪಿಕೊಂಡ ಹೊಣೆಯನ್ನು ಬಿಟ್ಟರೆ, ವಸ್ತು ಕಳೆದುಹೋದುದಕ್ಕಾಗಲಿ ತಡವಾದುದಕ್ಕಾಗಲಿ ಕೆಟ್ಟುಹೋದುದಕ್ಕಾಗಲಿ ಅದು ಹೊಣೆಯಾಗುತ್ತಿರಲಿಲ್ಲ. ನೌಕರನೂ ವಂಚನೆಯಿಂದ ಅಥವಾ ಉದ್ದೇಶಪೂರ್ವಕವಾಗಿ ನಷ್ಟ ಮಾಡಿದ್ದರೆ ಮಾತ್ರ ಹೊಣೆಗಾರನಾಗುತ್ತಿದ್ದ. 2024ರ ಜೂನ್ 18ರಂದು ಜಾರಿಗೆ ಬಂದ 2023ರ ಅಂಚೆ ಕಚೇರಿ ಕಾಯ್ದೆಯು ಹಳೆಯದನ್ನು ರದ್ದುಗೊಳಿಸಿತಾದರೂ ಈ ರಕ್ಷಣೆಯನ್ನು ತನ್ನ 10ನೇ ಕಲಮಿನಲ್ಲಿ ಬಹುಮಟ್ಟಿಗೆ ಉಳಿಸಿಕೊಂಡಿತು. ಆದ್ದರಿಂದ ಕಳೆದುಹೋದ ವಸ್ತುವಿನ ಬೆಲೆ ಎಷ್ಟೆಂಬುದಕ್ಕಿಂತ, ಅದನ್ನು ಯಾವ ಸೇವೆಯಲ್ಲಿ ಯಾವ ಷರತ್ತಿನ ಮೇಲೆ ಒಪ್ಪಿಸಲಾಗಿತ್ತು ಎಂಬುದೇ ಪರಿಹಾರವನ್ನು ನಿರ್ಧರಿಸುತ್ತದೆ.

1986ರಲ್ಲಿ ಆರಂಭವಾದ ಸ್ಪೀಡ್ ಪೋಸ್ಟ್‌ಗೆ 1999ರಲ್ಲಿ ಅಧಿಸೂಚಿಸಿದ ನಿಯಮವು ಇದಕ್ಕೆ ಒಳ್ಳೆಯ ನಿದರ್ಶನ. ಅದರಂತೆ ವಸ್ತು ಕಳೆದುಹೋದರೆ, ಕಟ್ಟಿದ ಶುಲ್ಕದ ಎರಡರಷ್ಟು ಅಥವಾ 1000 ರೂಪಾಯಿ, ಇವೆರಡರಲ್ಲಿ ಕಡಿಮೆಯಾದುದು ಸಲ್ಲುತ್ತಿತ್ತು. 15,000 ರೂಪಾಯಿಯ ಸೀರೆಯನ್ನು 80 ರೂಪಾಯಿ ಶುಲ್ಕ ತೆತ್ತು ವಿಮೆಯಿಲ್ಲದೆ ಕಳುಹಿಸಿದವರಿಗೆ ಈ ಲೆಕ್ಕದಲ್ಲಿ ಸಿಗುತ್ತಿದ್ದುದು 160 ರೂಪಾಯಿ ಮಾತ್ರ. ನೇಯ್ದವರ, ಮಾರಿದವರ ಶ್ರಮಕ್ಕೆ ಇದು ಯಾವ ರೀತಿಯಿಂದಲೂ ನ್ಯಾಯವಲ್ಲ.

ಈ ಕೊರತೆಯನ್ನು ತುಂಬುವುದು ಅಂಚೆ ವಿಮೆ, ಅಂದರೆ ಕಳುಹಿಸುವವರು ವಸ್ತುವಿನ ಬೆಲೆಯನ್ನು ಘೋಷಿಸಿ, ಅದಕ್ಕೆ ತಕ್ಕ ಹೆಚ್ಚುವರಿ ಶುಲ್ಕ ಕಟ್ಟಿ, ಆ ಮೊತ್ತದವರೆಗೆ ಇಲಾಖೆಯನ್ನು ಹೊಣೆಯಾಗಿಸುವ ಏರ್ಪಾಡು. ನಿಜವಾದ ಬೆಲೆಯನ್ನು ಮೀರಿ ವಿಮೆ ಮಾಡುವಂತಿಲ್ಲ. ಹಳೆಯ ಪದ್ಧತಿಯಲ್ಲಿ ವಿಮೆಯ ಪಾರ್ಸೆಲನ್ನು ಬಟ್ಟೆಯಲ್ಲಿ ಹೊಲಿದು, ಹೊಲಿಗೆಯುದ್ದಕ್ಕೂ ಅರಗು ಕರಗಿಸಿ ಕಳುಹಿಸುವವರ ಸ್ವಂತ ಮುದ್ರೆಯನ್ನು ಒತ್ತುತ್ತಿದ್ದರು. ಬಟವಾಡೆಯ ವೇಳೆ ಆ ಅರಗು ಒಡೆದಿದ್ದರೆ ನಡುವೆ ಯಾರೋ ಕೈಹಾಕಿದ್ದಾರೆಂಬುದಕ್ಕೆ ಅದೇ ಸಾಕ್ಷಿಯಾಗುತ್ತಿತ್ತು.

ಪರಿಹಾರ ಕೇಳುವ ಕ್ರಮವು ಅಂಚೆ ಕಚೇರಿಯ ರಸೀದಿಯಿಂದ ಆರಂಭವಾಗುತ್ತದೆ. ಅದರಲ್ಲಿರುವ 13 ಅಕ್ಷರ-ಅಂಕಿಗಳ ಸಂಖ್ಯೆಯಿಂದ ಪಾರ್ಸೆಲ್ ಕೊನೆಯದಾಗಿ ಯಾವ ಕಚೇರಿಯಲ್ಲಿ ದಾಖಲಾಯಿತೆಂಬುದನ್ನು ತಿಳಿಯಬಹುದು. ದೂರನ್ನು ಮೈಸೂರಿನ ಅಶೋಕ ರಸ್ತೆಯ ಪ್ರಧಾನ ಅಂಚೆ ಕಚೇರಿ ಮೊದಲ್ಗೊಂಡು ಯಾವುದೇ ಅಂಚೆ ಕಚೇರಿಯಲ್ಲಿ, ಇಲಾಖೆಯ ಜಾಲತಾಣದಲ್ಲಿ ಅಥವಾ 1800 266 6868 ಸಂಖ್ಯೆಯ ಮೂಲಕ ದಾಖಲಿಸಬಹುದು. ರಸೀದಿ, ವಸ್ತುವಿನ ಬಿಲ್ಲು ಮತ್ತು ಪಾರ್ಸೆಲ್ ತಲುಪಿಲ್ಲವೆಂದು ವಿಳಾಸದಾರರು ಬರೆದುಕೊಟ್ಟ ಪತ್ರ ದೂರಿಗೆ ಬಲ ಕೊಡುತ್ತವೆ. ಸಮಾಧಾನಕರ ಉತ್ತರ ಬಾರದಿದ್ದರೆ, ಹಿರಿಯ ಅಧಿಕಾರಿಗಳೇ ಕುಳಿತು ಅಹವಾಲು ಕೇಳುವ ಅಂಚೆ ಅದಾಲತ್‌ಗೆ ಅರ್ಜಿ ಸಲ್ಲಿಸಬಹುದು.

ಮುಂದಿನ ಹಂತ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ, ಕಾರಣ ಉಂಟಾದ 2 ವರ್ಷಗಳೊಳಗೆ ದೂರು ಕೊಡಬಹುದಾದ್ದರಿಂದ, ಪಾರ್ಸೆಲ್ ದೆಹಲಿಯಲ್ಲಿ ಕಳೆದಿದ್ದರೂ ಮೈಸೂರಿನವರು ಅಲ್ಲಿಗೆ ಅಲೆಯಬೇಕಿಲ್ಲ. ಆದರೆ ಕಾನೂನು ಕೊಟ್ಟ ರಕ್ಷಣೆಯನ್ನು ಮುಂದಿಟ್ಟು ಇಲಾಖೆ ವಾದಿಸುವುದು ಸಾಮಾನ್ಯ. ಸೇವಾನ್ಯೂನತೆ, ಅಂದರೆ ಕೊಡಬೇಕಾದ ಸೇವೆಯಲ್ಲಿನ ಲೋಪವನ್ನು ದಾಖಲೆಗಳಿಂದಲೇ ತೋರಿಸಬೇಕಾಗುತ್ತದೆ. ಖಾಸಗಿ ಕೊರಿಯರ್‌ಗಳಿಗೆ ಅಂಚೆ ಕಾಯ್ದೆಯ ರಕ್ಷಣೆಯಿಲ್ಲವಾದರೂ, ಹೊಣೆಯನ್ನು ಮಿತಿಗೊಳಿಸುವ ಷರತ್ತಿಗೆ ಸಹಿ ಹಾಕಿದವರು ಅದಕ್ಕೆ ಬದ್ಧರೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಭಾರತಿ ನಿಟ್ಟಿಂಗ್ ಕಂಪನಿಯ ಪ್ರಕರಣದಲ್ಲಿ ಹೇಳಿದೆ.

ಹೊರದೇಶದ ಪಾರ್ಸೆಲ್‌ಗಳಿಗೆ 1874ರಲ್ಲಿ ಸ್ಥಾಪನೆಯಾದ ವಿಶ್ವ ಅಂಚೆ ಒಕ್ಕೂಟದ ಒಪ್ಪಂದ ಅನ್ವಯಿಸುತ್ತದೆ. ಅದರಂತೆ ರವಾನಿಸಿದ ಮರುದಿನದಿಂದ 6 ತಿಂಗಳೊಳಗೆ ವಿಚಾರಣೆ ಕೋರಬೇಕು. ಆದುದರಿಂದ ಪಾರ್ಸೆಲ್ ತಲುಪಿದ ಸುದ್ದಿ ಬರುವವರೆಗೂ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಬೆಲೆಬಾಳುವ ವಸ್ತುವನ್ನು ವಿಮೆಯಿಲ್ಲದೆ ಕಳುಹಿಸಬಾರದು.