ಕೆಸುವಿನ ಗೆಡ್ಡೆಯ ಪೇಟೆಂಟನ್ನ ಹರಿದು ಹಾಕಿದವರು

ಸ್ವಲ್ಪ ಉದ್ದದ ಪೋಸ್ಟು, ಪುರುಸೊತ್ತಲ್ಲಿ ಓದಿ.

ಮೋರಿ ಪಕ್ಕ, ಕಾಲುವೆ ಬದಿ, ಬಚ್ಚಲ ನೀರು ಹರಿಯೋ ಕಡೆ ಬೆಳೆಯೋ ಕೆಸು ನಮಗೆಲ್ಲ ಗೊತ್ತು. ಕೊಡಗಲ್ಲಿ ಕೆಂಬು ಅಂತಾರೆ, ತುಳುವಲ್ಲಿ ತೇವು, ಗೆಡ್ಡೆಗೆ ನಮ್ಮ ಕಡೆ ಶಾಮೆಗೆಡ್ಡೆ. ಕರಾವಳಿಯ ಪತ್ರೊಡೆ ಈಗ ಹೋಟೆಲ್ ಮೆನುವಿಗೂ ಬಂದಿದೆ. ಆದರೆ ಗದ್ದೆ ಇಲ್ಲದವರ ಮನೆಯಲ್ಲಿ ಮಳೆಗಾಲದ ಸಾರಿಗೆ ಇದೇ ಎಲೆ, ಇದೇ ದಂಟು ಬೀಳ್ತಿದ್ದದ್ದನ್ನ ಯಾರೂ ಬರೆದಿಡಲಿಲ್ಲ, ಬಿಡಿ. ಇದೇ ಗಿಡದ ವಿಷಯಕ್ಕೆ ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಲ್ಲಿ ಮೂಲನಿವಾಸಿಗಳು ಒಂದು ವಿಶ್ವವಿದ್ಯಾಲಯದ ವಿರುದ್ಧ ನಿಂತು ಗೆದ್ದರು. ಆ ಚರಿತ್ರೆ ನಮಗೆ ಬೇಕಾದದ್ದು ಅನ್ನಿಸಿತು, ಅದಕ್ಕೇ ಬರೀತಿದ್ದೀನಿ.

ಮೊದಲು ಗಿಡದ ವಯಸ್ಸು ನೋಡಿ. ಪಪುವಾ ನ್ಯೂಗಿನಿಯ ಕುಕ್ ಎಂಬ ಜೌಗು ಪ್ರದೇಶದಲ್ಲಿ ಸಿಕ್ಕ ಕಲ್ಲಿನ ಉಪಕರಣಗಳ ಮೇಲೆ ಕೆಸುವಿನ ಪಿಷ್ಟದ ಕಣಗಳು ಅಂಟಿಕೊಂಡಿವೆ. ಅವು ಸುಮಾರು 10,000 ವರ್ಷ ಹಳೆಯವು. ಸಾಲೊಮನ್ ದ್ವೀಪಮಾಲೆಯ ಕಿಲು ಗುಹೆಯ ಉಪಕರಣಗಳು ಇನ್ನೂ ಹಿಂದಕ್ಕೆ, 28,000 ವರ್ಷಕ್ಕೆ ಹೋಗ್ತವೆ. 2016ರಲ್ಲಿ ಪ್ರಕಟವಾದ ಒಂದು ವಂಶವಾಹಿ ಅಧ್ಯಯನದಲ್ಲಿ ಈ ಬೆಳೆಯ ವೈವಿಧ್ಯ ಅತಿ ಹೆಚ್ಚು ಕಂಡದ್ದು ಏಷ್ಯಾದಲ್ಲಿ, ಅದರಲ್ಲೂ ಮುಖ್ಯವಾಗಿ ಭಾರತದ ಗಿಡಗಳಲ್ಲಿ.

ಇಲ್ಲಿ ಒಂದು ಮಾತು ಗಮನಿಸಬೇಕು. ಬೇಸಾಯದ ಕೆಸು ಹೂ ಬಿಟ್ಟು ಬೀಜ ಕಟ್ಟೋದು ಅಪರೂಪ. ರಾಗಿ ಬೀಜದ ಹಾಗೆ ಮಡಕೆಯಲ್ಲಿ ತುಂಬಿ ವರ್ಷಗಟ್ಟಲೆ ಇಡೋಕಾಗಲ್ಲ. ಗೆಡ್ಡೆ ಕಿತ್ತು, ಮರಿಗೆಡ್ಡೆ ಬಿಡಿಸಿ, ಮತ್ತೆ ನೆಡಬೇಕು. ಅಂದರೆ ಇವತ್ತು ಒಂದು ತಳಿ ಉಳಿದಿದೆ ಅಂದರೆ ಅದನ್ನ ಯಾರೋ ತಲೆಮಾರುಗಳಿಂದ ಬಿಡದೆ ನೆಟ್ಟಿದ್ದಾರೆ ಅಂತಲೇ ಅರ್ಥ. ಬಾಯಿ, ಗಂಟಲು ಯಾಕೆ ತುರಿಸುತ್ತೆ ಅನ್ನೋದಕ್ಕೆ ವಿಜ್ಞಾನ ಉತ್ತರ ಕೊಟ್ಟಿದೆ: ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಚುಚ್ಚುತ್ತವೆ. ಒಳ್ಳೇ ಸಂಶೋಧನೆ. ಆದರೆ ಯಾವ ತಳಿ ಕಡಿಮೆ ತುರಿಸುತ್ತೆ, ಯಾವುದನ್ನ ಎಷ್ಟು ಹೊತ್ತು ಬೇಯಿಸಬೇಕು ಅಂತ ತಿಂದು ನೋಡಿ, ಆರಿಸಿ ನೆಟ್ಟವರ ಹೆಸರು ಯಾವ ಪ್ರಬಂಧದಲ್ಲೂ ಇಲ್ಲ.

ಹವಾಯಿಯಲ್ಲಿ ಇದರ ಹೆಸರು ಕಾಲೊ. ಅವರ ಪುರಾಣದಲ್ಲಿ ವಾಕೇಯಾ ಮತ್ತು ಹೊಹೊಕುಕಲಾನಿಯ ಮೊದಲ ಮಗು ಹುಟ್ಟುವಾಗಲೇ ತೀರಿಕೊಳ್ಳುತ್ತೆ. ಅದನ್ನ ಹೂತ ಜಾಗದಲ್ಲಿ ಹುಟ್ಟಿದ್ದು ಕಾಲೊ ಗಿಡ. ಆಮೇಲೆ ಹುಟ್ಟಿದ ಮಗು ಹಾಲೋವಾ, ಅವನೇ ಅಲ್ಲಿನ ಜನರ ಮೂಲಪುರುಷ. ಹಾಗಾಗಿ ಗಿಡ ಅವರಿಗೆ ಅಣ್ಣ. ಪುರಾಣ ಅಂದರೆ ಗುಮಾನಿಯಿಂದ ನೋಡೋ ಜನ ನಾವು, ಸರಿ. ಆದರೆ ಈ ಕಥೆಯಲ್ಲಿ ಯಾರ ತಲೆಯಿಂದ, ಯಾರ ಪಾದದಿಂದ ಅನ್ನೋ ಲೆಕ್ಕ ಇಲ್ಲ ನೋಡಿ. ಅಣ್ಣ ಊಟ ಕೊಡ್ತಾನೆ, ತಮ್ಮ ಅವನನ್ನ ನೋಡ್ಕೋತಾನೆ, ಅಷ್ಟೇ.

ಕಾಲೊ ಗದ್ದೆಗೆ ತಣ್ಣಗೆ ಹರಿಯೋ ನೀರು ಬೇಕು. ನೀರು ಬಿಸಿಯಾದರೆ ಗೆಡ್ಡೆ ಕೊಳೆಯುತ್ತೆ. 1876ರಿಂದ ಸಕ್ಕರೆ ಕಂಪನಿಗಳು ಮಾವಿ ದ್ವೀಪದ ಪೂರ್ವದ ತೊರೆಗಳನ್ನ ನಾಲೆ ಕಟ್ಟಿ ಕಬ್ಬಿಗೆ ತಿರುಗಿಸಿದವು, ಕೆಳಗಿನ ಗದ್ದೆ ಒಣಗಿದವು. ಚೌಡಾರ್ ಕೆರೆ ನೆನಪಾಗದೆ ಇರುತ್ತಾ? 2001ರಲ್ಲಿ ಅಲ್ಲಿನ ರೈತರು 27 ತೊರೆಗಳ ನೀರಿಗೆ ಅರ್ಜಿ ಹಾಕಿದರು. ಹಲವು ತೊರೆಗಳಿಗೆ ನೀರು ವಾಪಸ್ ಬಿಡಬೇಕು ಅಂತ ಜಲ ಆಯೋಗ ಆದೇಶಿಸಿದ್ದು 2018ರಲ್ಲಿ. ಅಷ್ಟರಲ್ಲಿ ಕೊನೆಯ ಸಕ್ಕರೆ ತೋಟವೇ ಮುಚ್ಚಿಹೋಗಿತ್ತು.

ಇನ್ನು ಪೇಟೆಂಟಿನ ವಿಷಯ. ಕೆಸುವಿಗೆ ಎಲೆ ಕೊಳೆಯೋ ಅಂಗಮಾರಿ ರೋಗ ಇದೆ, ಶಿಲೀಂಧ್ರದಂಥ ಒಂದು ಜೀವಿಯಿಂದ ಬರೋದು. ರೋಗ ನಿಜವಾದದ್ದೇ, ರೈತರಿಗೆ ಪರಿಹಾರ ಬೇಕಿತ್ತು. ಹವಾಯಿ ವಿಶ್ವವಿದ್ಯಾಲಯದ ಸಂಶೋಧಕರು ಸ್ಥಳೀಯ ಮಾವಿ ಲೆಹುವಾ ತಳಿಯನ್ನ ಪಲಾವು ದ್ವೀಪದ ಙೆರೂಚ್ ತಳಿ ಜೊತೆ ಕೂಡಿಸಿ ರೋಗ ತಡೆಯೋ ಮೂರು ತಳಿ ಮಾಡಿದರು. 2002ರಲ್ಲಿ ವಿಶ್ವವಿದ್ಯಾಲಯ ಆ ಮೂರಕ್ಕೂ ಪೇಟೆಂಟ್ ಪಡೀತು. ನೆಡಬೇಕಾದರೆ ರೈತ ಕರಾರಿಗೆ ಸಹಿ ಹಾಕಿ ರಾಯಧನ ಕಟ್ಟಬೇಕು! ಅಪ್ಪ-ಅಮ್ಮ ಹವಾಯಿಯವರದು, ಪಲಾವಿನವರದು, ಮಗುವಿನ ಖಾತೆ ಮಾತ್ರ ವಿಶ್ವವಿದ್ಯಾಲಯದ ಹೆಸರಿಗೆ.

2006ರಲ್ಲಿ ವಾಲ್ಟರ್ ರಿಟ್ಟೆ ಮುಂತಾದ ಹೋರಾಟಗಾರರು, ಕಾಲೊ ರೈತರು, ವಿದ್ಯಾರ್ಥಿಗಳು ಬೀದಿಗಿಳಿದರು. ಒತ್ತಡ ಜಾಸ್ತಿಯಾದಾಗ, ಪೇಟೆಂಟನ್ನ ಮೂಲನಿವಾಸಿಗಳಿಗೇ ವರ್ಗಾಯಿಸ್ತೀವಿ ಅನ್ನೋ ಮಾತು ಬಂತು. ಅವರು ಬೇಡ ಅಂದರು. ಅಣ್ಣನಿಗೆ ಒಡೆಯ ಅಂತ ಯಾರೂ ಇರೋಕಾಗಲ್ಲ, ನಾವೂ ಆಗಲ್ಲ ಅನ್ನೋದು ಅವರ ನಿಲುವು. ಈ ಜಾಗ ನಂಗೆ ಬಹಳ ಮುಖ್ಯ. ಪಾಲು ಕೊಡ್ತೀವಿ ಅಂದಾಗ ಎಷ್ಟು ಚಳವಳಿ ಕರಗಿಹೋಗಿಲ್ಲ? ಅದೇ ಜೂನ್‌ನಲ್ಲಿ ವಿಶ್ವವಿದ್ಯಾಲಯ ಮೂರೂ ಪೇಟೆಂಟ್ ಬಿಟ್ಟುಕೊಟ್ಟಿತು. ಪೇಟೆಂಟ್ ಪತ್ರಗಳನ್ನ ಎಲ್ಲರೆದುರು ಹರಿದು ಹಾಕಿದರು.

ಪೇಟೆಂಟ್ ಇಲ್ಲದಿದ್ದರೆ ಸಂಶೋಧನೆ ಯಾರು ಮಾಡ್ತಾರೆ ಅಂತ ಕೇಳೋರಿಗೆ ಸಮೋವಾ ದೇಶ ಉತ್ತರ. 1993ರಲ್ಲಿ ಇದೇ ರೋಗ ಅಲ್ಲಿಗೆ ಕಾಲಿಟ್ಟಾಗ ಕೆಸುವಿನ ರಫ್ತು ವರ್ಷದೊಳಗೆ ನೆಲಕಚ್ಚಿತು. ಅಲ್ಲಿ ತಳಿ ವಿಜ್ಞಾನಿಗಳು ರೈತರನ್ನ ಜೊತೆಗೆ ಕೂರಿಸಿಕೊಂಡರು. ರೈತರೇ ತಮ್ಮ ಹೊಲದಲ್ಲಿ ಬೆಳೆದು, ಬೇಯಿಸಿ ರುಚಿ ನೋಡಿ, ತಳಿ ಆರಿಸಿದರು. ಬೆಳೆ ಮತ್ತೆ ಎದ್ದಿತು.

ನಮ್ಮಲ್ಲಿ? ತಿರುವನಂತಪುರದಲ್ಲಿ 1963ರಿಂದ ಕೇಂದ್ರ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ, ಕೆಸುವಿನ ಒಳ್ಳೊಳ್ಳೇ ತಳಿ ಕೊಟ್ಟಿದೆ. ತಳಿಯ ಹಕ್ಕಿಗೆ 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆ ಇದೆ. ಕಚೇರಿಯಲ್ಲಿ ದಿನಾ ಪಹಣಿ, ಖಾತೆ ಫೈಲು ತಿರುವೋ ನಾನು ಇದರ ಕಲಂ 2ರಲ್ಲಿ ರೈತ ಅಂದರೆ ಯಾರು ಅಂತ ಓದಿ ಬೆರಗಾದೆ. ಕಾಡು ಪ್ರಭೇದವನ್ನೋ ಸಾಂಪ್ರದಾಯಿಕ ತಳಿಯನ್ನೋ ಕಾಪಾಡಿಕೊಂಡು ಬಂದವರೂ ಅಲ್ಲಿ ರೈತರೇ. ಪಹಣಿಯಲ್ಲಿ ಹೆಸರಿರಬೇಕು ಅಂತ ಆ ವ್ಯಾಖ್ಯೆಯಲ್ಲಿ ಎಲ್ಲೂ ಇಲ್ಲ. ಬದುವಿನಲ್ಲಿ, ಹಿತ್ತಲಲ್ಲಿ ಕೆಸು ಉಳಿಸಿದ ಭೂಮಿ ಇಲ್ಲದ ಹೆಣ್ಣುಮಗಳೂ ಈ ಮಾತಿನೊಳಗೆ ಬರ್ತಾಳೆ.

ಅದಕ್ಕೇ ಒಂದು ಕೆಲಸ ಮಾಡೋಣ. ನಿಮ್ಮ ಕೇರಿಯಲ್ಲಿ ಯಾವ ಯಾವ ಕೆಸು ಇದೆ, ಏನಂತ ಕರೀತಾರೆ, ದಂಟು ಕರಿಯದೋ ಬಿಳಿಯದೋ, ಯಾವುದು ತುರಿಸುತ್ತೆ, ಯಾವ ಅಜ್ಜಿ ಎಷ್ಟು ವರ್ಷದಿಂದ ಉಳಿಸಿಕೊಂಡಿದ್ದಾರೆ ಅಂತ ಕಾಮೆಂಟಲ್ಲಿ ಬರೀರಿ. ಫೋಟೋ ಇದ್ದರೆ ಹಾಕಿ. ಅಜ್ಜಿ ಹೆಸರು ಹಾಕೋ ಮೊದಲು ಅವರನ್ನ ಒಂದು ಮಾತು ಕೇಳಿ. ಭಾನುವಾರ ಕೂತು ಎಲ್ಲಾ ಒಂದು ಪಟ್ಟಿ ಮಾಡ್ತೀನಿ.