ಕಿಡ್ನಿ ಕಸಿ: ಕಾಯುವ ಮದ್ದೇ ಕಾಡುವ ಬಗೆ

ಮೈಸೂರಿನ ಶ್ರೀರಾಂಪುರದ ಆಸುಪಾಸಿನವರಿಗೆ ಮೂತ್ರಪಿಂಡ ಕಸಿ ಈಗ ದೂರದೂರಿನ ಮಾತಾಗಿ ಉಳಿದಿಲ್ಲ. ಕುವೆಂಪುನಗರದ ಅಪೋಲೊ ಬಿಜಿಎಸ್ ಆಸ್ಪತ್ರೆಯಲ್ಲೇ ಈ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಶಸ್ತ್ರಚಿಕಿತ್ಸೆ ಕೆಲವು ಗಂಟೆಗಳದ್ದು. ಹೊಸ ಮೂತ್ರಪಿಂಡವನ್ನು ಕಾಯುವ ಮಾತ್ರೆಗಳಾದರೋ ಅದು ಕೆಲಸ ಮಾಡುವಷ್ಟು ಕಾಲವೂ ಬೇಕು.

ಹೆತ್ತ ತಾಯಿಯೇ ಕೊಟ್ಟರೂ ದೇಹದ ರೋಗನಿರೋಧಕ ವ್ಯವಸ್ಥೆಗೆ ಆ ಅಂಗ ಪರಕೀಯವೇ. 1954ರಲ್ಲಿ ಬಾಸ್ಟನ್‌ನಲ್ಲಿ ಡಾ. ಜೋಸೆಫ್ ಮರ್ರೆ ನಡೆಸಿದ ಕಸಿ ಫಲಿಸಿದ್ದು, ದಾನಿ ಮತ್ತು ರೋಗಿ ತದ್ರೂಪಿ ಅವಳಿಗಳಾಗಿದ್ದುದರಿಂದ. ಉಳಿದವರಿಗೆ ಮದ್ದೇ ಗತಿ. ಇಂದು ಸಾಮಾನ್ಯವಾಗಿ ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್, ಪ್ರೆಡ್ನಿಸೊಲೋನ್ ಎಂಬ ಮೂರನ್ನು ಜೊತೆಗೂಡಿಸಿ ಕೊಡುತ್ತಾರೆ.

ಇವುಗಳಲ್ಲಿ ಟ್ಯಾಕ್ರೊಲಿಮಸ್ ನಿಭಾಯಿಸಲು ಕಷ್ಟವಾದದ್ದು. ಜಪಾನಿನ ತ್ಸುಕುಬಾದ ಮಣ್ಣಿನ ಬ್ಯಾಕ್ಟೀರಿಯಾವೊಂದರಿಂದ 1984ರಲ್ಲಿ ದೊರೆತ ಔಷಧವಿದು. ಕಡಿಮೆಯಾದರೆ ದೇಹ ಮೂತ್ರಪಿಂಡವನ್ನು ತಿರಸ್ಕರಿಸುತ್ತದೆ. ಹೆಚ್ಚಾದರೆ ಅದೇ ಮೂತ್ರಪಿಂಡಕ್ಕೆ ರಕ್ತ ಒಯ್ಯುವ ನಾಳಗಳನ್ನು ಕುಗ್ಗಿಸುತ್ತದೆ. ಕೈನಡುಕ, ಸಕ್ಕರೆ ಕಾಯಿಲೆ, ಸೋಂಕುಗಳೂ ಬೆನ್ನು ಹತ್ತಬಹುದು. ಪೇಚಿನ ಸಂಗತಿಯೆಂದರೆ, ಎರಡೂ ಸಂದರ್ಭಗಳಲ್ಲಿ ರಕ್ತದ ಕ್ರಿಯಾಟಿನಿನ್ ಏರುತ್ತದೆ. ಒಂದಕ್ಕೆ ಮದ್ದು ಹೆಚ್ಚಿಸಬೇಕು, ಮತ್ತೊಂದಕ್ಕೆ ತಗ್ಗಿಸಬೇಕು. ರಕ್ತದಲ್ಲಿನ ಔಷಧದ ಮಟ್ಟ ನೋಡಿಯೂ ಸಂಶಯ ತೀರದಿದ್ದರೆ, ಸೂಜಿಯಿಂದ ಮೂತ್ರಪಿಂಡದ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯೇ ನಿರ್ಣಾಯಕ.

2007ರಲ್ಲಿ ಪ್ರಕಟವಾದ, 1,645 ರೋಗಿಗಳ ‘ಸಿಂಫನಿ’ ಅಧ್ಯಯನವು ಟ್ಯಾಕ್ರೊಲಿಮಸ್ ಮಟ್ಟವನ್ನು ಮಿಲಿಲೀಟರಿಗೆ 3ರಿಂದ 7 ನ್ಯಾನೊಗ್ರಾಂ ಗುರಿಯಲ್ಲಿಟ್ಟು, ಇತರ ಮದ್ದುಗಳ ಜೊತೆ ಕೊಟ್ಟಾಗ ಮೂತ್ರಪಿಂಡದ ಕಾರ್ಯವೂ ಉತ್ತಮ, ತಿರಸ್ಕಾರವೂ ಕಡಿಮೆ ಎಂದು ತೋರಿಸಿತು. ಆದರೂ ಮೊದಲ ತಿಂಗಳುಗಳಲ್ಲಿ ವೈದ್ಯರು ಸಾಮಾನ್ಯವಾಗಿ ಇನ್ನಷ್ಟು ಮೇಲಿನ ಮಟ್ಟವನ್ನೇ ಬಯಸುತ್ತಾರೆ. ಗುರಿ ರೋಗಿಯಿಂದ ರೋಗಿಗೆ ಬೇರೆ.

ಈ ಮಟ್ಟವನ್ನು ಕದಡುವ ಸಂಗತಿಗಳು ಮನೆಯೊಳಗೇ ಇರುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಅದನ್ನು ತೀವ್ರವಾಗಿ ಇಳಿಸುತ್ತದೆ. ಕ್ಲಾರಿಥ್ರೊಮೈಸಿನ್, ಫ್ಲುಕೊನಜೋಲ್, ರಕ್ತದೊತ್ತಡದ ಡಿಲ್ಟಿಯಾಜೆಮ್ ಏರಿಸುತ್ತವೆ. ಭೇದಿಯಾದಾಗಲೂ ಏರುವುದುಂಟು. ದೇವನಹಳ್ಳಿಗೆ ಹೆಸರು ತಂದ ಚಕ್ಕೋತವೂ ಈ ಪಟ್ಟಿಯಲ್ಲಿದೆ. ಕಸಿಯಾದವರು ಅದರ ಆಸೆ ಬಿಡಬೇಕು. ನೋವಿಗೆಂದು ಅಂಗಡಿಯಲ್ಲಿ ಕೊಳ್ಳುವ ಡೈಕ್ಲೊಫೆನ್ಯಾಕ್ ಮಟ್ಟ ಬದಲಿಸದಿದ್ದರೂ ಮೂತ್ರಪಿಂಡಕ್ಕೇ ಪೆಟ್ಟು ಕೊಡುತ್ತದೆ. ಕಂಪನಿ ಬದಲಾದ ಮಾತ್ರೆಯನ್ನೂ ವೈದ್ಯರಿಗೆ ತಿಳಿಸದೆ ನುಂಗಬಾರದು.

ಪರೀಕ್ಷೆಗೆ ರಕ್ತ ಕೊಡುವ ದಿನ ಬೆಳಗಿನ ಮಾತ್ರೆಯನ್ನು ಜೊತೆಯಲ್ಲೇ ಒಯ್ದು, ರಕ್ತ ತೆಗೆದ ಮೇಲೆ ನುಂಗಬೇಕು. ಮೊದಲೇ ನುಂಗಿದರೆ ಅಂಕಿ ಸುಳ್ಳು ಹೇಳುತ್ತದೆ, ಆ ಸುಳ್ಳನ್ನು ನಂಬಿ ವೈದ್ಯರು ಮದ್ದು ತಗ್ಗಿಸಿಬಿಡಬಹುದು.